ಯಾರ ಕಣ್ಣಿಗೂ ಬೀಳದ ಮೈನಸ್ ಒಂದು: ಹ್ಯಾಸ್ಕೆಲ್ ಕಲಿಯುವವರ ಮೊದಲ ಕೋಡಿಗೆ ಸಿಕ್ಕ ಪ್ರತಿಕ್ರಿಯೆಯ ಪ್ರಕರಣ ಅಧ್ಯಯನ

ಹಿನ್ನೆಲೆ

ಐದಾರು ವರ್ಷ ಪೈಥಾನ್‌ನಲ್ಲಿ ಕೆಲಸ ಮಾಡಿ, ಆಮೇಲೆ ಸ್ವಂತ ಆಸಕ್ತಿಯಿಂದ ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕಲಿಯಲು ಹೊರಟ ಒಬ್ಬ ಪ್ರೋಗ್ರಾಮರ್‌ಗೆ ಸಂಬಂಧಿಸಿದ ಪ್ರಕರಣವಿದು. ಗುರುತು ಸಿಗದಿರಲೆಂದು ಅವರನ್ನು ಇಲ್ಲಿ ಕಲಿಕಾರ್ಥಿ ಎಂದಷ್ಟೇ ಕರೆಯುತ್ತೇನೆ. ಅವರ ಕೋಡ್ ಓದಿ ಅಭಿಪ್ರಾಯ ಕೊಟ್ಟ ಮೂವರು ಪರಿಚಿತರೂ ಹೆಸರಿಲ್ಲದೆಯೇ ಬರುತ್ತಾರೆ. ದತ್ತಾಂಶದ ವಿವರಗಳನ್ನು ವಿಷಯ ಕೆಡದಂತೆ ಬದಲಿಸಿದ್ದೇನೆ. ನಾಲ್ಕನೆಯವನಾಗಿ, ತಿಂಗಳು ತಡವಾಗಿ, ನಾನು ಇದರೊಳಗೆ ಬಂದೆ.

ಹ್ಯಾಸ್ಕೆಲ್‌ನ ಮೊದಲ ಭಾಷಾ ವಿವರಣೆ ಪ್ರಕಟವಾದದ್ದು 1990ರಲ್ಲಿ. ಒಂದು ಹೆಸರಿಗೆ ಒಮ್ಮೆ ಕೊಟ್ಟ ಮೌಲ್ಯ ಬದಲಾಗಬಾರದು, ಫಂಕ್ಷನ್ ತನಗೆ ಬಂದ ಇನ್‌ಪುಟ್‌ನಿಂದ ಉತ್ತರವನ್ನು ಲೆಕ್ಕ ಹಾಕಬೇಕೇ ಹೊರತು ಹೊರಗಿನ ಯಾವುದನ್ನೂ ಗುಟ್ಟಾಗಿ ತಿದ್ದಬಾರದು ಎಂಬುದು ಅಂದಿನಿಂದಲೂ ಅದರ ತಳಹದಿ; ಫಂಕ್ಷನಲ್ ಶೈಲಿ ಎನ್ನುವುದು ಇದನ್ನೇ. ಹಾಗಾಗಿ ಇಲ್ಲಿ ಪೈಥಾನ್‌ನಂಥ ಫಾರ್ ಲೂಪ್ ಇಲ್ಲ, ಸುತ್ತುಸುತ್ತಿಗೂ ಏರುವ ಕೌಂಟರ್ ಇಲ್ಲ. ಬೇರೆ ಭಾಷೆಯಲ್ಲಿ ಪಳಗಿದವರಿಗೆ ಇದರ ವ್ಯಾಕರಣ ಕೆಲವು ವಾರಗಳಲ್ಲಿ ಕೈಗೆ ಹತ್ತುತ್ತದೆ. ತಾನು ಬರೆದದ್ದು ಚೆನ್ನಾಗಿದೆಯೇ ಇಲ್ಲವೇ ಎಂದು ತಾನೇ ಅಳೆಯುವ ಶಕ್ತಿ ಮಾತ್ರ ಅಷ್ಟು ಬೇಗ ಬರುವುದಿಲ್ಲ. ಕಲಿಕಾರ್ಥಿ ಪೈಥಾನ್ ಕೋಡನ್ನು ಒಮ್ಮೆ ಕಣ್ಣಾಡಿಸಿದರೆ ಎಲ್ಲಿ ಹುಳುಕಿದೆ ಎಂದು ಹೇಳಬಲ್ಲವರಾಗಿದ್ದರು. ಹ್ಯಾಸ್ಕೆಲ್‌ನಲ್ಲಿ ತಮ್ಮದೇ ಹತ್ತು ಸಾಲಿನ ಮುಂದೆ ಕುಳಿತು ಅಂಥ ಒಂದು ಮಾತನ್ನೂ ಹೇಳಲಾರದೆ ಹೋಗುತ್ತಿದ್ದರು. ಅನುಭವಿಗಳ ಪ್ರತಿಕ್ರಿಯೆ ಅವರಿಗೆ ಬೇಕಾದದ್ದು ಈ ಕಾರಣಕ್ಕೆ, ಮತ್ತು ಆ ಪ್ರತಿಕ್ರಿಯೆ ಹೇಗಿರುತ್ತದೆ ಎಂಬುದಕ್ಕೆ ಇಷ್ಟು ಮಹತ್ವ ಬರುವುದೂ ಇದೇ ಕಾರಣಕ್ಕೆ.

ಅವರು ಆರಿಸಿಕೊಂಡ ಕೆಲಸ ಸರಳವಾಗಿತ್ತು. ನಾಲ್ಕು ಮಾಪನ ಕೇಂದ್ರಗಳ ತಾಪಮಾನದ ದಾಖಲೆ ಒಂದು ಫೈಲಿನಲ್ಲಿದೆ; ಪ್ರತಿ ಸಾಲಿನಲ್ಲಿ ದಿನಾಂಕ, ಕೇಂದ್ರದ ಹೆಸರು, ತಾಪಮಾನ ಇವು ಅಲ್ಪವಿರಾಮದಿಂದ ಬೇರ್ಪಟ್ಟಿವೆ; ಉಪಕರಣ ಕೆಟ್ಟಿದ್ದ ದಿನ ಮೂರನೆಯ ಜಾಗ ಖಾಲಿ ಇರುತ್ತದೆ. ಪ್ರೋಗ್ರಾಂ ಈ ಫೈಲನ್ನು ಓದಿ ಪ್ರತಿ ಕೇಂದ್ರದ ಸರಾಸರಿ ಮತ್ತು ಗರಿಷ್ಠ ತಾಪಮಾನವನ್ನು ಹೇಳಬೇಕು. ಕೋಡ್ ಒಟ್ಟು 180 ಸಾಲುಗಳಷ್ಟಿತ್ತು ಮತ್ತು ಓಡುತ್ತಿತ್ತು.

ಸಮಸ್ಯೆ

ಆ 180 ಸಾಲುಗಳಲ್ಲಿ ಎರಡು ಫಂಕ್ಷನ್‌ಗಳನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ಮುಂದಿನದೆಲ್ಲ ಅವುಗಳ ಸುತ್ತಲೇ ನಡೆಯಿತು.

ಮೊದಲನೆಯದು ಒಂದು ಸಾಲನ್ನು ತೆಗೆದುಕೊಂಡು ತಾಪಮಾನವನ್ನು ಕೊಡುವ ಫಂಕ್ಷನ್. ಅದರ ಟೈಪ್ ಸ್ಟ್ರಿಂಗ್‌ನಿಂದ ಡಬಲ್‌ಗೆ, ಅಂದರೆ ಅದು ಪಠ್ಯವನ್ನು ತೆಗೆದುಕೊಂಡು ದಶಮಾಂಶ ಸಂಖ್ಯೆಯನ್ನು ಕೊಡುತ್ತದೆ. ಆರಂಭದಲ್ಲಿ ಅವರು ಪಠ್ಯವನ್ನು ಸಂಖ್ಯೆಯಾಗಿಸುವ ರೀಡ್ ಅನ್ನು ನೇರವಾಗಿ ಬಳಸಿದ್ದರು. ಖಾಲಿ ಜಾಗವಿರುವ ಸಾಲು ಬಂದೊಡನೆ ಪ್ರೋಗ್ರಾಂ 'ನೋ ಪಾರ್ಸ್' ಎಂದು ಹೇಳಿ ನಿಂತುಹೋಗಿತ್ತು. ಅದಕ್ಕೆ ಅವರು ಕಂಡುಕೊಂಡ ಪರಿಹಾರ, ಜಾಗ ಖಾಲಿಯಿದ್ದರೆ ಮೈನಸ್ ಒಂದನ್ನು ಹಿಂದಿರುಗಿಸುವುದು. ಪ್ರೋಗ್ರಾಂ ನಿಲ್ಲುವುದು ತಪ್ಪಿತು, ಮತ್ತು ಆ ಸಾಲು ಅವರ ಮನಸ್ಸಿನಿಂದ ಮರೆಯಾಯಿತು.

ಎರಡನೆಯದು ಸರಾಸರಿಯ ಫಂಕ್ಷನ್. ಲೂಪ್ ಇಲ್ಲದ ಕಡೆ ಲೂಪನ್ನೇ ಕಟ್ಟಿದಂತಿತ್ತು ಅದು. ಐ ಎಂಬ ಕ್ರಮಸಂಖ್ಯೆ, ಈವರೆಗಿನ ಮೊತ್ತ, ಈವರೆಗಿನ ಎಣಿಕೆ ಈ ಮೂರನ್ನು ಹೊತ್ತ ರಿಕರ್ಷನ್, ಅಂದರೆ ತನ್ನನ್ನೇ ಮತ್ತೆ ಮತ್ತೆ ಕರೆಯುವ ಫಂಕ್ಷನ್. ಪ್ರತಿ ಹೆಜ್ಜೆಯಲ್ಲೂ ಐ ಲಿಸ್ಟಿನ ಉದ್ದಕ್ಕೆ ಸಮವಾಯಿತೇ ಎಂಬ ಪರೀಕ್ಷೆ. ಇಲ್ಲವಾದರೆ ಎರಡು ಆಶ್ಚರ್ಯಚಿಹ್ನೆಗಳ ಆಪರೇಟರ್‌ನಿಂದ ಐ-ನೆಯ ಅಂಶವನ್ನು ತೆಗೆದು, ಕೇಂದ್ರದ ಹೆಸರು ಹೊಂದಿದರೆ ಕೂಡಿಸುವುದು. ಹ್ಯಾಸ್ಕೆಲ್‌ನ ಲಿಸ್ಟ್ ಕೊಂಡಿಗೆ ಕೊಂಡಿ ಸೇರಿದ ಸರಪಳಿ. ಉದ್ದ ತಿಳಿಯಬೇಕಾದರೆ ಕೊನೆಯವರೆಗೂ ನಡೆಯಬೇಕು, ಐ-ನೆಯದು ಬೇಕಾದರೆ ಅಷ್ಟು ಕೊಂಡಿಗಳನ್ನು ದಾಟಬೇಕು. ಫೈಲಿನಲ್ಲಿ 60 ಸಾಲುಗಳಿದ್ದಾಗ ಇದು ತಿಳಿಯುವುದಿಲ್ಲ. ಸಾಲುಗಳು 40,000 ಆದಾಗ ಉದ್ದ ಅಳೆಯಲು ಪ್ರತಿ ಬಾರಿ 40,000 ಹೆಜ್ಜೆ, ಅಂಶ ಹುಡುಕಲು ಸರಾಸರಿ 20,000 ಹೆಜ್ಜೆ. ಒಂದೇ ಕೇಂದ್ರಕ್ಕೆ ಒಟ್ಟು 240 ಕೋಟಿ ಹೆಜ್ಜೆಗಳು.

ದೊಡ್ಡ ಫೈಲಿನಲ್ಲಿ ಪ್ರೋಗ್ರಾಂ ತೆವಳತೊಡಗಿದಾಗ ಕಲಿಕಾರ್ಥಿಗೆ ಏನೋ ಸರಿಯಿಲ್ಲವೆಂದು ಅನ್ನಿಸಿತು. ಇಡೀ ಫೈಲನ್ನು ಹ್ಯಾಸ್ಕೆಲ್ ಬಲ್ಲ ಮೂವರಿಗೆ ಕಳಿಸಿದರು. ಜೊತೆಗೆ ಬರೆದದ್ದು ಒಂದೇ ಸಾಲು: "ಇದನ್ನು ಇನ್ನಷ್ಟು ಫಂಕ್ಷನಲ್ ಆಗಿ ಬರೆಯುವುದು ಹೇಗೆ?"

ಮೊದಲ ಸುತ್ತು

ಮೂವರೂ ಒಳ್ಳೆಯ ಮನಸ್ಸಿನಿಂದ, ಸಮಯ ಕೊಟ್ಟು ಉತ್ತರಿಸಿದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಬರುವುದನ್ನು ಅವರ ಮೇಲಿನ ದೂರೆಂದು ಯಾರೂ ಓದಬಾರದು.

ಮೊದಲನೆಯವರು ಸರಾಸರಿಯ 14 ಸಾಲುಗಳನ್ನು ಒಂದೇ ಸಾಲಿಗೆ ಇಳಿಸಿ ಕಳಿಸಿದರು. ಆರ್ಗ್ಯುಮೆಂಟಿನ ಹೆಸರೇ ಇಲ್ಲದ, ಫಂಕ್ಷನ್‌ಗಳನ್ನು ಚುಕ್ಕೆಯಿಂದ ಪೋಣಿಸಿದ ಪಾಯಿಂಟ್-ಫ್ರೀ ಶೈಲಿಯ ಸಾಲು ಅದು. ವೇಗವಾಗಿಯೂ ಓಡುತ್ತಿತ್ತು. ಕಲಿಕಾರ್ಥಿ ಅದನ್ನು ಹಾಗೆಯೇ ತಮ್ಮ ಫೈಲಿಗೆ ಅಂಟಿಸಿಕೊಂಡರು. ನಾಲ್ಕು ದಿನಗಳ ನಂತರ ಸರಾಸರಿಯ ಜೊತೆಗೆ ಎಷ್ಟು ದಿನಗಳ ದಾಖಲೆ ಸಿಕ್ಕಿತು ಎಂಬುದನ್ನೂ ತೋರಿಸಬೇಕೆನಿಸಿದಾಗ, ಆ ಸಾಲಿನ ಒಳಗೆ ಎಲ್ಲಿ ಕೈ ಹಾಕಬೇಕೆಂದು ತಿಳಿಯಲಿಲ್ಲ. ಒಂದು ಸಂಜೆ ಪೂರ್ತಿ ಹೆಣಗಿ ತಮ್ಮ ಹಳೆಯ 14 ಸಾಲುಗಳಿಗೇ ಮರಳಿದರು. ಈ ಬಾರಿ ಅವು ಕೆಟ್ಟ ಕೋಡ್ ಎಂಬ ಸಂಕೋಚವೂ ಜೊತೆಗಿತ್ತು.

ಎರಡನೆಯವರು ಉಪಕರಣಗಳನ್ನು ಬಳಸಲು ಹೇಳಿದರು: ಕಂಪೈಲರಿನ ಎಲ್ಲ ಎಚ್ಚರಿಕೆಗಳನ್ನು ತೆರೆಯುವುದು, ಕೋಡನ್ನು ಓದಿ ಸುಧಾರಣೆ ಸೂಚಿಸುವ ಎಚ್‌ಲಿಂಟ್ ಓಡಿಸುವುದು. ಇದು ಯಾವ ಹೊಸಬರಿಗೂ ಕೊಡಬಹುದಾದ ಸಲಹೆ. ಬೇಡದ ಆವರಣಗಳು, 'ಟ್ರೂ'ಗೆ ಸಮವೇ ಎಂದು ಮತ್ತೆ ಕೇಳುವ ಷರತ್ತುಗಳು ಇಂಥ ಹತ್ತಾರು ಕಡೆ ಎಚ್‌ಲಿಂಟ್ ಬೆರಳಿಟ್ಟಿತು. ಖಾಲಿ ಲಿಸ್ಟ್ ಬಂದರೆ ಮುರಿದುಬೀಳುವ ಹೆಡ್ ಫಂಕ್ಷನ್ ಬಳಸಿದ ಕಡೆ ಕಂಪೈಲರ್ ಎಚ್ಚರಿಸಿತು; ಹ್ಯಾಸ್ಕೆಲ್ ಕಂಪೈಲರ್ ಆದ ಜಿಎಚ್‌ಸಿಯ 9.8ನೇ ಆವೃತ್ತಿಯಿಂದ, ಅಂದರೆ 2023ರಿಂದ, ಹೆಡ್ ಮತ್ತು ಟೇಲ್ ಬಳಸಿದರೆ ಈ ಎಚ್ಚರಿಕೆ ಬರುತ್ತದೆ. ಕಲಿಕಾರ್ಥಿ ಎಲ್ಲವನ್ನೂ ಒಪ್ಪವಾಗಿ ತಿದ್ದಿದರು.

ಮೂರನೆಯವರು ಸ್ಟ್ರಿಂಗ್ ಬದಲು ಟೆಕ್ಸ್ಟ್, ಕೈಯಿಂದ ಸಾಲು ಒಡೆಯುವ ಬದಲು ಮೆಗಾಪಾರ್ಸೆಕ್, ಲಿಸ್ಟಿನ ಬದಲು ವೆಕ್ಟರ್, ದೋಷಗಳಿಗೆ ಮೊನಾಡ್ ಟ್ರಾನ್ಸ್‌ಫಾರ್ಮರ್ ಎಂದು ಬರೆದರು. ದೊಡ್ಡ ಯೋಜನೆಯೊಂದಕ್ಕೆ ಇವೆಲ್ಲ ಸರಿಯಾದ ಆಯ್ಕೆಗಳೇ. ಫಂಕ್ಷನ್ನಿನ ಟೈಪನ್ನು ಹೇಳುವ ಸಾಲನ್ನು, ಅಂದರೆ ಟೈಪ್ ಸಿಗ್ನೇಚರ್ ಅನ್ನು, ಬರೆಯಲು ಇನ್ನೂ ತಡವರಿಸುವವರ ಕೈಗೆ ನಾಲ್ಕು ಹೊಸ ಲೈಬ್ರರಿಗಳನ್ನು ಒಟ್ಟಿಗೆ ಕೊಟ್ಟರೆ ಅವರು ಒಂದನ್ನೂ ಕಲಿಯುವುದಿಲ್ಲ. ಮುಂದಿನ ಮೂರು ವಾರಗಳಲ್ಲಿ ಕಲಿಕಾರ್ಥಿ ತೆರೆದದ್ದು ಟೆಕ್ಸ್ಟ್ ಒಂದನ್ನೇ; ಅದೂ ಪರಿವರ್ತನೆಯ ದೋಷಗಳಲ್ಲಿ ಸಿಕ್ಕಿ ಅರ್ಧಕ್ಕೆ ನಿಂತಿತು.

ಮೈನಸ್ ಒಂದನ್ನು ಯಾರೂ ಗಮನಿಸಲಿಲ್ಲ. ಕೇಳಿದ ಪ್ರಶ್ನೆ ಶೈಲಿಯದಾಗಿತ್ತು, ಆದ್ದರಿಂದ ಬಂದ ಉತ್ತರಗಳೂ ಶೈಲಿಯವೇ. ಪ್ರೋಗ್ರಾಂ ಏನು ಮಾಡಬೇಕು ಎಂಬುದು ಪ್ರಶ್ನೆಯಲ್ಲಿ ಎಲ್ಲೂ ಇರಲಿಲ್ಲ. ಖಾಲಿ ಜಾಗಗಳಿರುವ ಮಾದರಿ ಸಾಲುಗಳನ್ನೂ ಕಳಿಸಿರಲಿಲ್ಲ. ಅದನ್ನು ತಿಳಿಯದವರಿಗೆ ಮೈನಸ್ ಒಂದು ತಪ್ಪೆಂದು ಕಾಣುವ ದಾರಿಯೇ ಇರಲಿಲ್ಲ.

ತಿರುವು

ನನ್ನ ಬಳಿ ಬಂದಾಗ ಅವರು ಹ್ಯಾಸ್ಕೆಲ್ ಬಿಟ್ಟುಬಿಡುವ ಯೋಚನೆಯಲ್ಲಿದ್ದರು. ಕೋಡ್ ತೋರಿಸುವ ಮೊದಲು, ಪ್ರತಿ ಫಂಕ್ಷನ್ ಏನನ್ನು ತೆಗೆದುಕೊಂಡು ಏನನ್ನು ಕೊಡುತ್ತದೆ ಎಂದು ಒಂದೊಂದು ವಾಕ್ಯದಲ್ಲಿ ಹೇಳಲು ಕೇಳಿಕೊಂಡೆ. ಇದರಲ್ಲಿ ಜಾಣತನವೇನೂ ಇರಲಿಲ್ಲ. 180 ಸಾಲುಗಳನ್ನು ಒಮ್ಮೆಗೇ ಓದಲು ನನಗೆ ಸಮಯವಿರಲಿಲ್ಲ, ಅಷ್ಟೇ.

"ಇದು ಸಾಲನ್ನು ತಗೊಂಡು ತಾಪಮಾನ ಕೊಡುತ್ತೆ ಸರ್."

"ಸಾಲಿನಲ್ಲಿ ತಾಪಮಾನವೇ ಇಲ್ಲದಿದ್ದರೆ?"

"ಆಗ ಮೈನಸ್ ಒಂದು ಕೊಡುತ್ತೆ."

"ಮೈನಸ್ ಒಂದು ಡಿಗ್ರಿ ಇರುವ ದಿನ?"

ಅವರು ಉತ್ತರಿಸಲಿಲ್ಲ. ಕಾಗದ ಎಳೆದುಕೊಂಡು ನಾಲ್ಕು ದಿನಗಳ ಲೆಕ್ಕ ಬರೆದರು: ಮೈನಸ್ 3, 2, ಖಾಲಿ, 4. ಸರಿಯಾದ ಸರಾಸರಿ ಮೂರು ದಿನಗಳದ್ದು, 1. ಅವರ ಪ್ರೋಗ್ರಾಂ ಕೊಡುತ್ತಿದ್ದದ್ದು ನಾಲ್ಕು ದಿನಗಳದ್ದು, 0.5. ಗರಿಷ್ಠದ ವಿಷಯ ಇನ್ನೂ ಕೆಟ್ಟದ್ದಾಗಿತ್ತು. ಒಂದು ಕೇಂದ್ರದಲ್ಲಿ ಮೈನಸ್ 8, ಮೈನಸ್ 5, ಖಾಲಿ ಎಂದು ದಾಖಲಾಗಿದ್ದರೆ ಪ್ರೋಗ್ರಾಂ ಹೇಳುವ ಗರಿಷ್ಠ ಮೈನಸ್ 1. ಆ ತಾಪಮಾನ ಅಲ್ಲಿ ಎಂದೂ ಇರಲೇ ಇಲ್ಲ.

ಒಂದು ತಿಂಗಳ ಕಾಲ ಒಪ್ಪ ಮಾಡಿದ ಕೋಡ್ ಮೊದಲ ದಿನದಿಂದಲೂ ತಪ್ಪು ಉತ್ತರ ಕೊಡುತ್ತಿತ್ತು. ಇಲ್ಲಿಂದ ಮುಂದೆ ಒಂದೇ ಒಂದು ಬದಲಾವಣೆ ಮಾಡೋಣವೆಂದು ಒಪ್ಪಿಕೊಂಡೆವು: ಮೊದಲ ಫಂಕ್ಷನ್ನಿನ ಟೈಪ್ ಸ್ಟ್ರಿಂಗ್‌ನಿಂದ ಮೇಬಿ ಡಬಲ್‌ಗೆ ಆಗಲಿ. ಮೇಬಿ ಎಂದರೆ, ಉತ್ತರ ಇದ್ದರೆ ಜಸ್ಟ್ ಎಂಬುದರೊಳಗೆ ಇರುತ್ತದೆ, ಇಲ್ಲದಿದ್ದರೆ ನಥಿಂಗ್ ಬರುತ್ತದೆ. ರೀಡ್ ಬದಲು ರೀಡ್‌ಮೇಬಿ ಬಂತು. ಆ ಒಂದು ಸಾಲನ್ನು ಬದಲಿಸಿ ಕಂಪೈಲ್ ಮಾಡಿದಾಗ ಮೂರು ಕಡೆ ದೋಷಗಳು ಬಂದವು: ಕೂಡಿಸುವಲ್ಲಿ, ಗರಿಷ್ಠ ಹುಡುಕುವಲ್ಲಿ, ಮುದ್ರಿಸುವಲ್ಲಿ. ಮೈನಸ್ ಒಂದು ಸದ್ದಿಲ್ಲದೆ ನುಗ್ಗುತ್ತಿದ್ದ ಮೂರೂ ಬಾಗಿಲುಗಳು ಅವು. ಕಂಪೈಲರಿನ ದೋಷಸಂದೇಶವನ್ನು ಅಲ್ಲಿಯವರೆಗೆ ಗದರಿಕೆಯಂತೆ ಓದುತ್ತಿದ್ದ ಕಲಿಕಾರ್ಥಿ, ಆ ದಿನ ಅದನ್ನು ಮಾಡಬೇಕಾದ ಕೆಲಸಗಳ ಪಟ್ಟಿಯಂತೆ ಓದಿದರು. ಈ ಪ್ರಕರಣದ ನಿಜವಾದ ತಿರುವು ಇದೆಂದು ನಾನು ಭಾವಿಸುತ್ತೇನೆ.

ನಾನು ಮಾಡಿದ ತಪ್ಪು

ಮುಂದಿನ ಭೇಟಿಯಲ್ಲಿ ನಾನೂ ಮೊದಲಿನವರ ಹಾದಿಯನ್ನೇ ಹಿಡಿದೆ. ಸರಾಸರಿಯ ಫಂಕ್ಷನ್ನನ್ನು ತಿದ್ದುವಾಗ, ಮೊತ್ತವನ್ನೂ ಎಣಿಕೆಯನ್ನೂ ಒಂದು ಜೋಡಿಯಲ್ಲಿಟ್ಟುಕೊಂಡು ಫೋಲ್ಡ್‌ಎಲ್ ಪ್ರೈಮ್‌ನಿಂದ ಲಿಸ್ಟನ್ನು ಒಂದೇ ಬಾರಿ ದಾಟುವುದನ್ನು ತೋರಿಸಿದೆ. ಅಲ್ಲಿಗೂ ನಿಲ್ಲಿಸದೆ, ಫೋಲ್ಡ್‌ಎಲ್ ಪ್ರೈಮ್ ಜೋಡಿಯನ್ನು ಹೊರಗಿನಿಂದಷ್ಟೇ ಬಿಡಿಸುತ್ತದೆ, ಒಳಗಿನ ಎರಡು ಸಂಖ್ಯೆಗಳು ಲೆಕ್ಕವಾಗದೆ ಬಾಕಿಯಾಗಿ ಪೇರಿಕೊಳ್ಳಬಹುದು, ಅದನ್ನು ತಡೆಯಲು, ಲೆಕ್ಕವನ್ನು ಕೂಡಲೇ ಮಾಡಿಸುವ ಬ್ಯಾಂಗ್ ಪ್ಯಾಟರ್ನ್ ಬೇಕು ಎಂದೆಲ್ಲ ವಿವರಿಸಿದೆ. ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಕಲಿಕಾರ್ಥಿ ಮುಂದಿನ ಒಂದು ವಾರವನ್ನು ಲೇಜಿ ಇವ್ಯಾಲ್ಯುಯೇಶನ್, ಅಂದರೆ ಬೇಕಾದಾಗಷ್ಟೇ ಲೆಕ್ಕ ಹಾಕುವ ಕ್ರಮದ ಬಗ್ಗೆ ಓದುವುದರಲ್ಲಿ ಕಳೆದರು, ಕೋಡಿನ ಒಂದು ಸಾಲನ್ನೂ ಬರೆಯಲಿಲ್ಲ.

40,000 ಸಂಖ್ಯೆಗಳಿಗೆ ಅದರ ಅಗತ್ಯವೇ ಇರಲಿಲ್ಲ. ಸಮ್‌ನಿಂದ ಮೊತ್ತ ತೆಗೆದು, ಲೆಂತ್‌ನಿಂದ ಬಂದ ಎಣಿಕೆಯಿಂದ ಭಾಗಿಸಿದರೆ ಸಾಕಾಗುತ್ತಿತ್ತು. ಲಿಸ್ಟನ್ನು ಎರಡು ಬಾರಿ ದಾಟಿದರೂ 80,000 ಹೆಜ್ಜೆ. ನಾನು ನನ್ನ ಸಲಹೆಯನ್ನು ಹಿಂದಕ್ಕೆ ಪಡೆದೆ, ಏಕೆ ಪಡೆಯುತ್ತಿದ್ದೇನೆಂದೂ ಹೇಳಿದೆ. ಹೊಸಬರ ಕೋಡ್ ಕಂಡೊಡನೆ ನಮಗೆ ಗೊತ್ತಿರುವ ಅತ್ಯುತ್ತಮ ರೂಪವನ್ನು ಹೇಳಿಬಿಡುವ ತುಡಿತ ಎಷ್ಟು ಬಲವಾದದ್ದೆಂದರೆ, ಅದರಿಂದ ಆದ ಹಾನಿಯನ್ನು ಕಣ್ಣಾರೆ ಕಂಡವನನ್ನೂ ಅದು ಬಿಡಲಿಲ್ಲ. 1976ರಲ್ಲಿ ಐಬಿಎಂನ ಮೈಕೆಲ್ ಫೇಗನ್ ಪ್ರಕಟಿಸಿದ ಕೋಡ್ ಪರಿಶೀಲನೆಯ ಕ್ರಮದಲ್ಲಿ ಪರಿಶೀಲನಾ ಸಭೆಯ ಕೆಲಸ ದೋಷಗಳನ್ನು ಗುರುತಿಸುವುದು. ಅವುಗಳನ್ನು ಸರಿಪಡಿಸುವುದು ಬರೆದವರಿಗೆ ಬಿಟ್ಟ, ಬೇರೆಯದೇ ಹಂತ. ಅನುಭವಿ ತಂಡಗಳಿಗೆಂದು ರೂಪಿಸಿದ ಆ ಗೆರೆ ಕಲಿಯುವವರ ವಿಷಯದಲ್ಲಿ ಇನ್ನೂ ಹೆಚ್ಚು ಬೇಕು.

ನಂತರ ನಡೆದದ್ದು

ಆಮೇಲೆ ಒಂದು ನಿಯಮ ಮಾಡಿಕೊಂಡೆವು. ನಾನು ಅವರ ಕೋಡನ್ನು ಮರಳಿ ಬರೆಯುವುದಿಲ್ಲ. ಎಲ್ಲಿ ಏನು ಕೆಡುತ್ತದೆ ಎಂಬುದನ್ನು ಒಂದು ಇನ್‌ಪುಟ್ ಮೂಲಕ ತೋರಿಸುತ್ತೇನೆ, ಮತ್ತು ಒಂದು ಸಲಕ್ಕೆ ಒಂದೇ ವಿಷಯ.

ಇದರ ಫಲ ಬೇಗ ಕಂಡಿತು. ಸಾಲುಗಳ ಲಿಸ್ಟಿನಿಂದ ನಥಿಂಗ್‌ಗಳನ್ನು ಬಿಟ್ಟು ಜಸ್ಟ್‌ನೊಳಗಿನ ಸಂಖ್ಯೆಗಳನ್ನಷ್ಟೇ ಉಳಿಸುವ ಫಂಕ್ಷನ್ನನ್ನು ಕಲಿಕಾರ್ಥಿ ಕೈಯಾರೆ ರಿಕರ್ಷನ್‌ನಲ್ಲಿ ಬರೆದರು: ಖಾಲಿ ಲಿಸ್ಟಿಗೆ ಖಾಲಿ, ನಥಿಂಗ್ ಬಂದರೆ ಮುಂದಕ್ಕೆ, ಜಸ್ಟ್ ಬಂದರೆ ಒಳಗಿನದನ್ನು ಮುಂದಿಟ್ಟು ಉಳಿದದ್ದಕ್ಕೆ ಅದೇ ಕ್ರಮ. ಮ್ಯಾಪ್‌ಮೇಬಿ ಎಂಬ, ಇದೇ ಕೆಲಸ ಮಾಡುವ ಸಿದ್ಧ ಫಂಕ್ಷನ್ನಿನ ಹೆಸರು ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಲಿಲ್ಲ. ಕೇಂದ್ರದ ಹೆಸರನ್ನು ತೆಗೆಯುವಾಗ ಅದೇ ಆಕಾರದ ಫಂಕ್ಷನ್ನನ್ನು ಅವರು ಎರಡನೆಯ ಬಾರಿ ಬರೆದಾಗ, "ಇವೆರಡೂ ಒಂದೇ ಥರ ಇದೆ ಅನಿಸುತ್ತೆ" ಎಂದರು. ಆಗ, ಎರಡಕ್ಕೂ ಹೊಂದುವ ಟೈಪನ್ನು ಬರೆದು ಹೂಗಲ್‌ನಲ್ಲಿ ಹುಡುಕಲು ಹೇಳಿದೆ. ಹೆಸರು ಗೊತ್ತಿಲ್ಲದಿದ್ದರೂ ಟೈಪ್ ಕೊಟ್ಟರೆ ಹ್ಯಾಸ್ಕೆಲ್ ಲೈಬ್ರರಿಗಳಲ್ಲಿ ಹೊಂದುವ ಫಂಕ್ಷನ್‌ಗಳನ್ನು ಹುಡುಕಿಕೊಡುವ ಸಾಧನ ಅದು. ಎ-ಯಿಂದ ಮೇಬಿ ಬಿ-ಗೆ ಹೋಗುವ ಫಂಕ್ಷನ್, ಎ-ಗಳ ಲಿಸ್ಟ್, ಉತ್ತರವಾಗಿ ಬಿ-ಗಳ ಲಿಸ್ಟ್ ಎಂದು ಅವರು ಕೊಟ್ಟಾಗ ಮ್ಯಾಪ್‌ಮೇಬಿ ಎದುರಿಗೆ ಬಂತು. ಅದರ ವಿವರಣೆಯನ್ನು ಅವರು ಓದಬೇಕಾಗಲೇ ಇಲ್ಲ. ತಾವು ಎರಡು ಬಾರಿ ಬರೆದದ್ದನ್ನೇ ಗುರುತಿಸಿದರು. ನಾಲ್ಕು ದಿನಕ್ಕೇ ಕೈತಪ್ಪಿದ ಆ ಒಂದು ಸಾಲಿಗೂ ಇದಕ್ಕೂ ಇರುವ ಅಂತರ ಇದೇ: ಎರಡೂ ಚಿಕ್ಕ ಕೋಡ್, ಒಂದು ಅವರದಾಗಿ ಬಂದದ್ದು, ಇನ್ನೊಂದು ಹೊರಗಿನಿಂದ ಬಂದದ್ದು.

ಸರಾಸರಿಯಲ್ಲಿ ಎರಡು ಎಡವುಗಳಾದವು. ಸಮ್ ಕೊಡುವುದು ಡಬಲ್, ಲೆಂತ್ ಕೊಡುವುದು ಇಂಟ್ ಎಂಬ ಪೂರ್ಣಾಂಕ, ಹ್ಯಾಸ್ಕೆಲ್ ಇವೆರಡನ್ನು ತಾನಾಗಿ ಬೆರೆಸುವುದಿಲ್ಲ; ಫ್ರಮ್‌ಇಂಟಿಗ್ರಲ್ ಸೇರಿಸಿದ ಮೇಲೆ ಅದು ಸರಿಹೋಯಿತು. ಎರಡನೆಯದನ್ನು ಅವರೇ ಎತ್ತಿದರು. ಒಂದು ಕೇಂದ್ರದ ಎಲ್ಲ ದಿನಗಳೂ ಖಾಲಿಯಿದ್ದರೆ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದಂತಾಗಿ ನ್ಯಾನ್, ಅಂದರೆ 'ಸಂಖ್ಯೆಯಲ್ಲ' ಎಂಬ ಉತ್ತರ ಬರುತ್ತದೆ. "ಹಾಗಾದರೆ ಸರಾಸರಿಯ ಟೈಪೂ ಮೇಬಿ ಆಗಬೇಕಲ್ವಾ ಸರ್?" ಎಂದು ಕೇಳಿದರು. ಒಂದು ತಿಂಗಳ ಹಿಂದೆ ಸೊನ್ನೆಯನ್ನೋ ಮೈನಸ್ ಒಂದನ್ನೋ ಇಟ್ಟು ಮುಂದೆ ಹೋಗುತ್ತಿದ್ದವರ ಬಾಯಿಂದ ಈ ಪ್ರಶ್ನೆ ಬಂದಾಗ ನನಗಾದ ಸಂತೋಷವನ್ನು ಮುಚ್ಚಿಡಲು ನಾನು ಪ್ರಯತ್ನಿಸಲಿಲ್ಲ.

ಕೇಂದ್ರವಾರು ವಿಂಗಡಣೆ, ಒಂದೊಂದು ಹೆಸರಿನಡಿ ಮೌಲ್ಯಗಳನ್ನಿಡುವ ಮ್ಯಾಪ್ ರಚನೆಯ ಫ್ರಮ್‌ಲಿಸ್ಟ್‌ವಿತ್‌ಗೆ ಹೋಯಿತು, ಕ್ರಮಸಂಖ್ಯೆಯ ರಿಕರ್ಷನ್ ತಾನಾಗಿ ಉದುರಿತು, 180 ಸಾಲುಗಳು 60ರ ಆಸುಪಾಸಿಗೆ ಬಂದವು. ಕೊನೆಗೆ ಕ್ವಿಕ್‌ಚೆಕ್‌ನಲ್ಲಿ ಒಂದು ಗುಣವನ್ನು ಬರೆದೆವು. 2000ದಲ್ಲಿ ಕೋಎನ್ ಕ್ಲಾಸೆನ್ ಮತ್ತು ಜಾನ್ ಹ್ಯೂಸ್ ಪ್ರಕಟಿಸಿದ ಈ ಸಾಧನಕ್ಕೆ, ಯಾವ ಇನ್‌ಪುಟ್‌ಗೂ ನಿಜವಾಗಿರಬೇಕಾದ ಮಾತೊಂದನ್ನು ಕೊಟ್ಟರೆ ಅದು ತಾನೇ ಇನ್‌ಪುಟ್‌ಗಳನ್ನು ಹುಟ್ಟಿಸಿ, ಸಾಮಾನ್ಯವಾಗಿ 100 ಬಾರಿ, ಪರೀಕ್ಷಿಸುತ್ತದೆ. ನಾವು ಕೊಟ್ಟ ಮಾತು ಇಷ್ಟೇ: ತಾಪಮಾನವಿಲ್ಲದ ಸಾಲನ್ನು ಕೊನೆಗೆ ಸೇರಿಸಿದರೆ ಸರಾಸರಿ ಬದಲಾಗಬಾರದು. ಹೊಸ ಕೋಡ್ ಉತ್ತೀರ್ಣವಾಯಿತು. ಹಳೆಯದನ್ನು ತಂದು ಅದೇ ಪರೀಕ್ಷೆಗೆ ಒಡ್ಡಿದಾಗ ಅದು ಮೊದಲ ಕೆಲವು ಪ್ರಯತ್ನಗಳಲ್ಲೇ ಬಿತ್ತು.

ಎರಡನೆಯ ಬಾರಿ ಕೇಳಿದ್ದು, ಮತ್ತು ಅದರಿಂದ ತಿಳಿಯುವುದು

ಎರಡು ತಿಂಗಳ ನಂತರ ಕಲಿಕಾರ್ಥಿ ಬೇರೊಂದು ಚಿಕ್ಕ ಪ್ರೋಗ್ರಾಂ ಬರೆದು ಅದೇ ಮೂವರಿಗೆ ಕಳಿಸಿದರು. ಈ ಬಾರಿ ಕಳಿಸಿದ್ದು ತಮಗೆ ಅನುಮಾನವಿದ್ದ 22 ಸಾಲುಗಳನ್ನು ಮಾತ್ರ, ಎಲ್ಲ ಫಂಕ್ಷನ್‌ಗಳಿಗೂ ಟೈಪ್ ಸಿಗ್ನೇಚರ್ ಸಮೇತ. ಮೇಲೆ ಪ್ರೋಗ್ರಾಂ ಮಾಡಬೇಕಾದ್ದರ ಬಗ್ಗೆ ಎರಡು ವಾಕ್ಯ, ಒಂದು ಸರಿಯಾದ ಮತ್ತು ಒಂದು ಕೆಟ್ಟ ಇನ್‌ಪುಟ್ ಸಾಲು. ಕೆಳಗೆ ಪ್ರಶ್ನೆ: "ಕೆಟ್ಟ ಸಾಲುಗಳನ್ನು ನಾನು ಸುಮ್ಮನೆ ಬಿಡುತ್ತಿದ್ದೇನೆ. ಯಾವ ಸಾಲು ಏಕೆ ಕೆಟ್ಟಿತೆಂದು ಬಳಸುವವರಿಗೆ ಹೇಳಬೇಕಾದರೆ ಮೇಬಿ ಸಾಕೇ?"

ಉತ್ತರಗಳು ಬೇರೆಯೇ ಆಗಿದ್ದವು. ಮೂವರೂ, ಉತ್ತರವನ್ನು ಇಲ್ಲವೇ ದೋಷದ ವಿವರವನ್ನು ಹೊರುವ ಈದರ್ ಟೈಪಿನತ್ತ ಬೆರಳು ತೋರಿಸಿದರು. ದೋಷವನ್ನು ಸ್ಟ್ರಿಂಗ್ ಆಗಿ ಇಡಬೇಕೇ, ಸ್ವಂತ ಟೈಪ್ ಮಾಡಬೇಕೇ ಎಂಬಲ್ಲಿ ಅವರಲ್ಲೇ ಭಿನ್ನಾಭಿಪ್ರಾಯ ಬಂತು, ಆ ಚರ್ಚೆಯಿಂದ ಕಲಿಕಾರ್ಥಿ ಕಲಿತದ್ದೂ ಬಹಳ. ಹಿಂದೆ ನಾಲ್ಕು ಲೈಬ್ರರಿಗಳನ್ನು ಹೇಳಿದ್ದವರು ಈ ಬಾರಿ ಒಂದು ಲೈಬ್ರರಿಯ ಹೆಸರನ್ನೂ ಎತ್ತಲಿಲ್ಲ. ಅವರು ಬದಲಾಗಿರಲಿಲ್ಲ, ಅವರ ಮುಂದಿಟ್ಟ ಪ್ರಶ್ನೆ ಬದಲಾಗಿತ್ತು.

ಹೊಸ ಭಾಷೆಯಲ್ಲಿ ಪ್ರತಿಕ್ರಿಯೆ ಕೇಳುವವರು ಈ ಪ್ರಕರಣದಿಂದ ತೆಗೆದುಕೊಳ್ಳಬಹುದಾದ ಮುಖ್ಯ ಅಂಶ, ಕೋಡಿನ ಜೊತೆಗೆ ತಾವು ಮಾಡಿದ ಒಂದು ನಿರ್ಧಾರವನ್ನೂ ಮುಂದಿಡಬೇಕೆಂಬುದು. ಖಾಲಿ ಸಾಲು ಬಂದಾಗ ಹೀಗೆ ಮಾಡಿದೆ, ಇದು ಸರಿಯೇ ಎಂದು ಮೊದಲ ದಿನವೇ ಕೇಳಿದ್ದರೆ ಮೂವರಲ್ಲಿ ಒಬ್ಬರಾದರೂ ಮೈನಸ್ ಒಂದನ್ನು ಹಿಡಿಯುತ್ತಿದ್ದರು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಉತ್ತರಿಸುವವರ ಜವಾಬ್ದಾರಿ ಇದಕ್ಕಿಂತ ದೊಡ್ಡದು, ಏಕೆಂದರೆ ಏನನ್ನು ಕೇಳಬೇಕೆಂದು ಹೊಸಬರಿಗೆ ಗೊತ್ತಿರುವುದಿಲ್ಲ. ಹ್ಯಾಸ್ಕೆಲ್‌ನಂಥ ಭಾಷೆಯಲ್ಲಿ 14 ಸಾಲುಗಳನ್ನು ಒಂದಕ್ಕೆ ಇಳಿಸುವುದು ಬಲ್ಲವರಿಗೆ ಸುಲಭವೂ ಹೌದು, ಖುಷಿಯೂ ಹೌದು. ಫಂಕ್ಷನ್ನಿನ ಟೈಪನ್ನು ಮೊದಲು ಓದಿ, ಅದು ಹೇಳುವ ಮಾತು ನಿಜವೇ ಎಂದು ಕೇಳಿದ ನಂತರವೇ ಆ ಖುಷಿಗೆ ಎಡೆ ಕೊಡಬೇಕು. ಸ್ಟ್ರಿಂಗ್‌ನಿಂದ ಡಬಲ್‌ಗೆ ಎಂಬ ಟೈಪ್, ಪ್ರತಿ ಸಾಲಿನಲ್ಲೂ ತಾಪಮಾನ ಇದ್ದೇ ಇದೆ ಎಂದು ಹೇಳುತ್ತಿತ್ತು. ಅದು ಸುಳ್ಳಾಗಿತ್ತು, ಮತ್ತು ಆ ಸುಳ್ಳು ಕೋಡಿನ ಮೊದಲ ಪುಟದಲ್ಲೇ ಇತ್ತು.

ಮೊದಲನೆಯವರು ಕಳಿಸಿದ್ದ ಆ ಒಂದು ಸಾಲಿನ ಕೋಡನ್ನು ಕಲಿಕಾರ್ಥಿ ಅಳಿಸಿರಲಿಲ್ಲ. ಇತ್ತೀಚೆಗೆ ಅದನ್ನು ಮತ್ತೆ ತೆರೆದು, ಚುಕ್ಕೆಯಿಂದ ಚುಕ್ಕೆಗೆ ಬಲಗಡೆಯಿಂದ ಓದುತ್ತ ಬಂದರು. ಈಗ ಎಲ್ಲವೂ ಅರ್ಥವಾಯಿತು. ಹಳೆಯ ಫೈಲಿನ ನಾಲ್ಕು ಸಾಲುಗಳನ್ನು ಅದಕ್ಕೆ ಕೊಟ್ಟು ನೋಡಿದರು: ಮೈನಸ್ 3, 2, ಖಾಲಿ, 4. ಉತ್ತರ 0.5 ಎಂದು ಬಂತು.